ಹಸಿರು ಶಾಯಿಯ ಪದ

"ಸ್ಲಿಪ್ ಅಂದ್ರೆ ಕೈ ಜಾರಿದ್ದು. ಲ್ಯಾಪ್ಸ್ ಅಂದ್ರೆ ಮರೆತದ್ದು. ಮಿಸ್ಟೇಕ್ ಅಂದ್ರೆ ತಿಳಿಯದೆ ಮಾಡಿದ್ದು. ನೆಗ್ಲಿಜೆನ್ಸ್ ಅಂದ್ರೆ ತಿಳಿದೂ ಮಾಡಿದ್ದು. ಇಷ್ಟೇ ಮೇಡಂ. ಇದರಲ್ಲಿ ಪತ್ತೇದಾರಿಕೆ ಮಾಡೋಕೆ ಏನಿದೆ?"

ಸುರಕ್ಷತಾ ಅಧಿಕಾರಿ ಗೋಡೆಯ ಮೇಲಿನ ಪಟ್ಟಿಯನ್ನು ಪೆನ್ನಿನ ತುದಿಯಿಂದ ಒಂದೊಂದಾಗಿ ತಟ್ಟಿ ತೋರಿಸಿದರು. ಅಚ್ಚು ಹಾಕಿಸಿ, ಕಟ್ಟು ಹಾಕಿಸಿ, ಗಾಜು ಕೂರಿಸಿದ ಪಟ್ಟಿ. ತಪ್ಪುಗಳಿಗೆ ಇಷ್ಟು ಒಳ್ಳೆಯ ಚೌಕಟ್ಟು ನಾನು ಎಲ್ಲೂ ಕಂಡಿರಲಿಲ್ಲ.

ಲಿಫ್ಟ್ ರಿಪೇರಿ ಮಾಡುವ ಆ ಕಂಪನಿಯಲ್ಲಿ ಎಲ್ಲಿ ಏನು ಎಡವಟ್ಟಾದರೂ ಒಂದು ದಪ್ಪ ರಿಜಿಸ್ಟರಿನಲ್ಲಿ ಬರೆಯುತ್ತಾರೆ. ಕೊನೆಯ ಕಾಲಂನಲ್ಲಿ ಈ ಪಟ್ಟಿಯ ಇಂಗ್ಲಿಷ್ ಪದಗಳಲ್ಲಿ ಒಂದನ್ನು ಹಸಿರು ಶಾಯಿಯಲ್ಲಿ ತುಂಬುವವರು ಇವರು. ಅದಕ್ಕೇ ಕೆಲಸಗಾರರು ಇವರಿಗೆ 'ಪದಕೋಶ' ಎಂದು ಹೆಸರಿಟ್ಟಿದ್ದಾರೆ. ನನಗೂ ಒಂದು ಹೆಸರಿಟ್ಟಿದ್ದಾರೆ, 'ಭೂತಗನ್ನಡಿ ಮೇಡಂ' ಅಂತ. ಕೋಪ ಮಾಡಿಕೊಳ್ಳುವಷ್ಟು ಸುಳ್ಳೇನಲ್ಲ.

ಎರಡು ಗಂಟೆಯಾಗಿತ್ತು. ನಾಲ್ಕಕ್ಕೆ ಕಂಪನಿಯ ತನಿಖಾ ಸಮಿತಿ ಕೂತು ವರದಿಗೆ ಸಹಿ ಹಾಕುತ್ತದೆ. ಲಿಫ್ಟಿನ ತಳದ ಗುಂಡಿಯಲ್ಲಿ ಒಬ್ಬ ಮೆಕ್ಯಾನಿಕ್ ಸತ್ತು ಹತ್ತೊಂಬತ್ತು ದಿನವಾಗಿತ್ತು. ಅವನನ್ನು ಕೊಂದ ತಪ್ಪು ಅವನ ಜೊತೆಗಾರನದು, ಅಂದರೆ ಅವನ ಹೆಂಡತಿಯ ತಮ್ಮನದು ಎನ್ನುವುದು ಕಂಪನಿಯ ಮಾತು. ವರದಿಯಲ್ಲಿ ನೆಗ್ಲಿಜೆನ್ಸ್ ಎಂಬ ಪದ ಉಳಿದರೆ ಆ ಹುಡುಗ ಇವತ್ತು ಸಂಜೆಯೇ ಪೊಲೀಸರ ವಶಕ್ಕೆ ಹೋಗುತ್ತಾನೆ. ನನ್ನನ್ನು ಕರೆಸಿದವಳು ಅವನ ಅಕ್ಕ. ಗಂಡನನ್ನು ಕಳೆದುಕೊಂಡವಳೂ ಅವಳೇ, ಈಗ ತಮ್ಮನನ್ನು ಕಳೆದುಕೊಳ್ಳಲಿರುವವಳೂ ಅವಳೇ.

"ರಿಜಿಸ್ಟರ್ ಪೂರ್ತಿ ಓದಿದೆ," ಎಂದೆ. "ಹನ್ನೆರಡು ವರ್ಷದ್ದು."

"ಬಹಳ ಶ್ರಮ ತಗೊಂಡಿದ್ದೀರಿ."

"ಮ್ಯಾನೇಜರ್ ಒಬ್ಬರು ಹಳೇ ತಂತಿಹಗ್ಗ ಬದಲಾಯಿಸೋದನ್ನ ಎಂಟು ತಿಂಗಳು ಮರೆತರು. ಹಗ್ಗ ಹರಿದು ಇಬ್ಬರ ಕಾಲು ಮುರೀತು. ನೀವು ಬರೆದ ಪದ ಓವರ್‌ಸೈಟ್. ಒಬ್ಬ ಹೆಲ್ಪರ್ ಒಂದು ಬೋಲ್ಟ್ ಬಿಗಿ ಮಾಡೋದನ್ನ ಊಟದ ಹೊತ್ತಿನ ತನಕ ಮರೆತ. ಯಾರಿಗೂ ಗೀರೂ ಬೀಳಲಿಲ್ಲ. ಅವನಿಗೆ ನೆಗ್ಲಿಜೆನ್ಸ್. ಎಂಜಿನಿಯರ್ ಅಳತೆ ತಪ್ಪಿದರೆ ಎರರ್. ಅದೇ ಅಳತೆ ಮೆಕ್ಯಾನಿಕ್ ತಪ್ಪಿದರೆ ಬ್ಲಂಡರ್."

"ಸಂದರ್ಭ ಬೇರೆ ಬೇರೆ ಇರುತ್ತೆ."

"ಕುರ್ಚಿ ಬೇರೆ ಬೇರೆ ಇರುತ್ತೆ. ಪದ ಕೆಲಸ ನೋಡಿ ಬಿದ್ದಿಲ್ಲ ಸಾಹೇಬ್ರೇ, ಕುರ್ಚಿ ನೋಡಿ ಬಿದ್ದಿದೆ."

ಅವರು ನಕ್ಕರು. ಹೊಗಳಿದ್ದಕ್ಕೆ ನಕ್ಕ ಹಾಗೆ ನಕ್ಕರು. ನನಗೆ ಮೈ ಉರಿಯಿತು. ಆದರೆ ನಾನೂ ಸಾಚಾ ಏನಲ್ಲ. ಇಪ್ಪತ್ತು ವರ್ಷ ವಿಮಾ ಕಂಪನಿಯಲ್ಲಿ ಕೂತು ಇಂಥದ್ದೇ ವರದಿಗಳನ್ನು ಓದಿ, ಪದಕ್ಕೆ ಟಿಕ್ ಹಾಕಿ, ಮುಂದಿನ ಮೇಜಿಗೆ ತಳ್ಳಿದವಳು ನಾನು. ಕನ್ನಡದಲ್ಲಿ ತಪ್ಪಿಗೆ ಪದಗಳಿಲ್ಲವೇ? ಲೋಪ ಇದೆ, ಪ್ರಮಾದ ಇದೆ, ಎಡವಟ್ಟು ಇದೆ, ಅಚಾತುರ್ಯ ಇದೆ. ಆದರೆ ಮನೆಯಲ್ಲಿ ಆಡುವ ಪದದಲ್ಲಿ ಬೈದರೆ ಬೈದವನ ಮುಖ ಕಾಣುತ್ತದೆ. ಆಫೀಸಿನ ಪದದಲ್ಲಿ ಹಾಗಲ್ಲ, ಗಾಯ ಮಾತ್ರ ಕಾಣುತ್ತದೆ.

ನಾನು ಆ ದಿನದ ಪುಟ ತೆರೆದು ಅವರ ಕಡೆ ತಿರುಗಿಸಿದೆ.

ಮೇಲ್ವಿಚಾರಕ ನೀಲಿ ಶಾಯಿಯಲ್ಲಿ ಬರೆದ ವಿವರಣೆ: ಹದಿನೇಳನೇ ನಂಬರಿನ ಮೆಕ್ಯಾನಿಕ್ ಮೇನ್ ಸ್ವಿಚ್ಚಿನ ಮೇಲಿನ ತನ್ನ ಬೀಗವನ್ನು ತಾನೇ ತೆಗೆದು, ಗುಂಡಿಯಲ್ಲಿ ಜೊತೆಗಾರ ಇದ್ದಾನೆಂಬುದನ್ನು ಗಣಿಸದೆ ಕೆಳಗೆ ಹೋದ, ಕರೆಂಟ್ ಬಂದು ಲಿಫ್ಟ್ ಇಳಿಯಿತು. ಪಕ್ಕದಲ್ಲಿ ಹಸಿರು ಪದ. ನೀಲಿ ಸಾಲುಗಳು ಅದರ ಹತ್ತಿರ ಬಂದಾಗ ಕಿರಿದಾಗಿ, ಸೊಟ್ಟಗಾಗಿ, ದಾರಿಯಲ್ಲಿ ಮಲಗಿದ ನಾಯಿಯನ್ನು ಬಳಸಿ ನಡೆದ ಹಾಗೆ ಬಳಸಿಕೊಂಡು ಹೋಗಿದ್ದವು. ಒಂದು ಕಡೆ ಹಸಿರು ಅಕ್ಷರದ ಬಾಲದ ಮೇಲೆಯೇ ನೀಲಿ ಅಕ್ಷರ ಹತ್ತಿ ಕೂತಿತ್ತು.

"ಪದ ಮೊದಲು ಬರೆದಿದ್ದೀರಿ," ಎಂದೆ. "ಏನಾಯ್ತು ಅಂತ ಬರೆಯೋದಕ್ಕೂ ಮೊದಲು."

ನಿರಾಕರಿಸುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿದರು.

"ಯಾವಾಗಲೂ ಮೊದಲೇ ಬರೀತೀನಿ ಮೇಡಂ. ಪದ ಕೊಡದೆ ವಿವರಣೆ ಬರಿ ಅಂದ್ರೆ ಅವನು ಹೇಗೆ ಬರೀತಾನೆ? ಅಳತೆ ಕೊಡದೆ ಅಂಗಿ ಹೊಲಿಸ್ತಾರಾ?"

ಮುಖ ಒಂದಿಷ್ಟೂ ಅಲುಗಲಿಲ್ಲ. ಈ ಮನುಷ್ಯನ ಜೊತೆ ವಾದಿಸಿ ಗೆಲ್ಲುವುದಲ್ಲ, ಹಿಡಿಯಬೇಕು ಎಂದುಕೊಂಡೆ. ಹಿಡಿಯಲು ನನ್ನ ಬಳಿ ಇದ್ದದ್ದು ಒಂದೇ ಒಂದು ಎಳೆ, ಆ ಬೀಗದ ಕೀಲಿ.

ಅಲ್ಲಿನ ನಿಯಮ ಸರಳವಾದದ್ದು. ಲಿಫ್ಟಿನ ಕೆಲಸಕ್ಕೆ ಇಳಿಯುವವನು ಮೊದಲು ಮೇನ್ ಸ್ವಿಚ್ ಆರಿಸಿ, ಅದಕ್ಕೆ ತನ್ನ ನಂಬರಿನ ಬೀಗ ಜಡಿಯಬೇಕು. ಇಬ್ಬರು ಇಳಿದರೆ ಎರಡು ಬೀಗ. ಎರಡೂ ತೆಗೆಯುವ ತನಕ ಯಾರಪ್ಪ ಬಂದರೂ ಕರೆಂಟ್ ಹಾಕುವಂತಿಲ್ಲ. ಆದರೆ ಈ ಕಂಪನಿಯ ಮೆಕ್ಯಾನಿಕ್‌ಗಳಲ್ಲಿ ಒಂದು ರೂಢಿ ಬೆಳೆದಿದೆ. ಅಪ್ಪ ಮಗ, ಅಣ್ಣ ತಮ್ಮ, ಭಾವ ಭಾವಮೈದುನ ಜೊತೆಯಾಗಿ ಹೋದರೆ ಒಂದೇ ಬೀಗ ಹಾಕುತ್ತಾರೆ. ಅದರ ಪಕ್ಕ ಇನ್ನೊಂದು ಬೀಗ ಜಡಿದರೆ 'ನನ್ನ ಮೇಲೆ ನಂಬಿಕೆ ಇಲ್ವಾ?' ಎಂದು ಮುಖ ದಪ್ಪಗಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಯಾವ ಪುಸ್ತಕದಲ್ಲೂ ಇಲ್ಲ.

ಆ ದಿನವೂ ಒಂದೇ ಬೀಗ. ಹುಡುಗನ ಹದಿನೇಳು. ಭಾವ ಗುಂಡಿಯಲ್ಲಿದ್ದ, ಹುಡುಗ ಗ್ರೀಸ್ ಡಬ್ಬ ತರಲು ಕೆಳಗಿನ ವ್ಯಾನಿಗೆ ಹೋದ. 'ಕೀಲಿ ನನ್ನ ಜೇಬಲ್ಲೇ ಇತ್ತು, ವಾಪಸ್ ಬರೋ ಹೊತ್ತಿಗೆ ಬೀಗ ತೆರೆದು ನೇತಾಡ್ತಿತ್ತು' ಎಂದು ಅವನು ಹತ್ತೊಂಬತ್ತು ದಿನದಿಂದ ಹೇಳುತ್ತಿದ್ದಾನೆ. ಬೀಗಕ್ಕೆ ಒಂದೇ ಕೀಲಿ, ಜೋಡಿ ಕೀಲಿ ಇಲ್ಲವೇ ಇಲ್ಲ ಎಂದು ಕಂಪನಿ ಬರೆದುಕೊಟ್ಟಿದೆ.

"ಕಾಫಿ ಕಪ್ಪುಗಳನ್ನ ಚೆನ್ನಾಗಿ ಜೋಡಿಸಿಟ್ಟಿದ್ದೀರಿ," ಎಂದೆ.

ಅವರ ಕುರ್ಚಿಯ ಹಿಂದೆ ಗಾಜಿನ ಬಾಗಿಲಿನ ಒಂದು ಪುಟ್ಟ ಕಪಾಟಿತ್ತು. ಒಳಗೆ ಸಾಲು ಸಾಲು ಕೊಕ್ಕೆ, ಆರು ಕಪ್ಪು. ಆರು ಕಪ್ಪಿಗೆ ಇಪ್ಪತ್ತನಾಲ್ಕು ಕೊಕ್ಕೆ. ನಾನು ಎದ್ದು ಹೋಗಿ ಒಂದು ಕಪ್ಪನ್ನು ಸರಿಸಿದೆ. ಕೊಕ್ಕೆಯ ಕೆಳಗೆ ಬಿಳಿ ಬಣ್ಣದಲ್ಲಿ ಸಣ್ಣಗೆ ಬರೆದಿತ್ತು, ೧೭.

"ಕಪ್ಪಿಗೂ ನಂಬರ್ ಕೊಡ್ತೀರಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಪದಕೋಶ ಸಾಹೇಬರ ಕೈ ತಾನಾಗಿಯೇ ಮೇಜಿನ ಕೆಳಗಿನ ಡ್ರಾಯರಿಗೆ ಹೋಯಿತು. ಹೋದದ್ದು ಅವರಿಗೂ ತಿಳಿಯಿತು, ನನಗೂ ತಿಳಿಯಿತು.

"ಜೋಡಿ ಕೀಲಿಗಳು ಈ ಕೊಕ್ಕೆಗಳಲ್ಲಿ ತೂಗ್ತಿದ್ದವು," ಎಂದೆ. "ಕೀಲಿ ಕೊಟ್ಟರೆ ಎಲ್ಲೋ ಬರೆದಿರಬೇಕು. ಡ್ರಾಯರ್ ತೆಗೀರಿ. ಇಲ್ಲದಿದ್ದರೆ ನಾಲ್ಕು ಗಂಟೆಗೆ ಸಮಿತಿಯವರ ಮುಂದೆ ಈ ಕಪಾಟನ್ನೇ ಹೊತ್ತುಕೊಂಡು ಹೋಗ್ತೀನಿ."

ಅವರು ಡ್ರಾಯರ್ ಎಳೆದು ಕಂದು ರಟ್ಟಿನ ಪುಸ್ತಕವೊಂದನ್ನು ತೆಗೆದು, ತಾವೇ ಪುಟ ಹುಡುಕಿ, ನನ್ನ ಕೈಗಿಟ್ಟರು. ಇಷ್ಟು ಸಲೀಸಾಗಿ ಸಾಕ್ಷಿ ಕೈಗೆ ಬಂದದ್ದು ನನ್ನ ಜನ್ಮದಲ್ಲೇ ಇಲ್ಲ.

"ತಗೊಂಡು ಹೋಗಿ ಮೇಡಂ. ಇದನ್ನ ಸಮಿತಿ ಮುಂದೆ ಇಟ್ಟರೆ ಆ ಹುಡುಗ ಬಿಡುಗಡೆ ಆಗ್ತಾನೆ. ಖಂಡಿತ. ಮೊದಲು ಓದಿ."

ಓದಿದೆ. ದಿನಾಂಕ ಅದೇ. ಹತ್ತು ನಲವತ್ತು. ಜೋಡಿ ಕೀಲಿ ೧೭. ಪಡೆದವರು, ಆ ಕಟ್ಟಡದ ವಾಚ್‌ಮನ್. ಅವನು ಮಾರನೇ ದಿನವೇ ಕೆಲಸ ಬಿಟ್ಟು ಕಾಣೆಯಾದವನು. ಯಾರ ಆದೇಶದ ಮೇರೆಗೆ ಎಂಬ ಕಾಲಂ ಖಾಲಿ. ಕೊಟ್ಟವರು ಎಂಬಲ್ಲಿ ದುಂಡಗಿನ ಸಹಿ.

ಆ ಸಹಿ ನನಗೆ ಗೊತ್ತಿತ್ತು. ನನ್ನನ್ನು ನೇಮಿಸಿಕೊಂಡ ಪತ್ರದ ಕೆಳಗೆ ಅದೇ ಸಹಿ ಇತ್ತು.

"ಈ ಕಪಾಟು ಆಗ ಇದ್ದದ್ದು ಅವಳ ಮೇಜಿನ ಹಿಂದೆ, ಕೀಲಿ ಕೊಡೋ ಕೆಲಸ ಅವಳದೇ," ಎಂದರು ಪದಕೋಶ, ಮೆತ್ತಗೆ. "ನಿಮಗೆ ಹೇಳಿರಲಿಲ್ವಾ?"

ಇದೇ ಕಂಪನಿಯ ಆಫೀಸಿನಲ್ಲಿ ಗುಮಾಸ್ತೆ ಎಂದು ಅವಳು ಹೇಳಿದ್ದಳು. ಯಾವ ಮೇಜು ಎಂದು ನಾನು ಕೇಳಿರಲಿಲ್ಲ. ಭೂತಗನ್ನಡಿ ಹಿಡಿದು ಜಗತ್ತನ್ನೆಲ್ಲ ನೋಡಿ, ಎದುರು ಕೂತು ಅತ್ತವಳನ್ನು ನೋಡಿರಲಿಲ್ಲ. ನನ್ನ ಈ ತಪ್ಪಿಗೆ ಪಟ್ಟಿಯಲ್ಲಿ ಯಾವ ಪದವೋ.

"ಫೋನ್ ಮಾಡಿ ಕೀಲಿ ಕೊಡು ಅಂದೋರು ಯಾರು?"

"ಕಾಲಂ ಖಾಲಿ ಇದೆಯಲ್ಲ."

"ನೀವು. ಆ ಕಟ್ಟಡದ ಯಜಮಾನರು ಲಿಫ್ಟ್ ಬೇಕು ಅಂತ ಅವತ್ತು ಬೆಳಿಗ್ಗೆಯಿಂದ ನಿಮಗೆ ಐದು ಸಲ ಫೋನ್ ಮಾಡಿದ್ರು, ಅವರೇ ನನಗೆ ಹೇಳಿದ್ದಾರೆ."

"ಕೆಲಸ ಮುಗಿದಿದೆ ಅಂತ ಯಾರೋ ಹೇಳಿದ್ರು, ನಾನು ಇನ್ಯಾರಿಗೋ ಹೇಳಿರಬಹುದು. ಅಂಥದ್ದಕ್ಕೆ ಪದ ಬೇರೆ ಇದೆ ಮೇಡಂ. ಮಿಸ್‌ಕಮ್ಯುನಿಕೇಶನ್." ಅವರು ಆ ಪದವನ್ನು ಬಾಯಲ್ಲಿ ಸಿಹಿ ಇಟ್ಟುಕೊಂಡ ಹಾಗೆ ಉಚ್ಚರಿಸಿದರು. "ಅದಕ್ಕೆ ಮಾಲೀಕರೇ ಇರಲ್ಲ. ನೆಗ್ಲಿಜೆನ್ಸ್‌ಗೆ ಮಾತ್ರ ಒಂದು ಹೆಸರು ಬೇಕು. ತಮ್ಮನ ಹೆಸರೋ ಅಕ್ಕನ ಹೆಸರೋ, ನೀವೇ ಆರಿಸ್ಕೊಳ್ಳಿ. ನಾಲ್ಕು ಗಂಟೆ ತನಕ ಸಮಯ ಇದೆ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆಯುವುದನ್ನು ಕೇಳಿದ್ದೆ. ಯಾವ ಎಮ್ಮೆಗೆ ಎಂದು ನನ್ನನ್ನೇ ಕೇಳುವವರನ್ನು ಮೊದಲ ಸಲ ಕಂಡೆ.

ಹೊರಗೆ ಬೆಂಚಿನ ಮೇಲೆ ಹುಡುಗ ಕೂತಿದ್ದ. ಇಪ್ಪತ್ತಾರು ವರ್ಷ; ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದ, ಕೆಲಸದ ಸಂದರ್ಶನಕ್ಕೆ ಬಂದವನ ಹಾಗೆ. ನನ್ನ ಕೈಯಲ್ಲಿದ್ದ ಕಂದು ಪುಸ್ತಕ ನೋಡಿ ಅವನ ಮುಖ ಇಳಿಯಿತು.

"ಅದನ್ನ ಒಳಗೆ ಇಟ್ಟುಬಿಡಿ ಮೇಡಂ."

"ನಿಂಗೆ ಮೊದಲೇ ಗೊತ್ತಿತ್ತಾ?"

"ನಾನೇ ಬೀಗ ತೆಗೆದೆ ಅಂತ ಒಪ್ಕೊಂಡ್ಬಿಡ್ತೀನಿ. ಅಕ್ಕಂಗೆ ಏನೂ ಹೇಳ್ಬೇಡಿ. ಪ್ಲೀಸ್."

ಪುಸ್ತಕವನ್ನು ಕಂಕುಳಿಗೆ ಸೇರಿಸಿ ಮೆಟ್ಟಿಲಿಳಿದೆ. ಕೆಳಗಿನ ತಿರುವಿನಲ್ಲಿ ಕಿಟಕಿಯ ಬೆಳಕಿಗೆ ಪುಸ್ತಕವನ್ನು ಮತ್ತೊಮ್ಮೆ ತೆರೆದೆ. ಆಗ ಕಂಡಿತು. ಆ ಪುಟಕ್ಕೂ ಅದರ ಹಿಂದಿನ ಪುಟಕ್ಕೂ ನಡುವೆ, ಹೊಲಿಗೆಯ ಬುಡದಲ್ಲಿ, ಹರಿದ ಕಾಗದದ ಒಂದು ಅಂಚು ಉಳಿದಿತ್ತು. ಒಂದು ಬೆರಳಿನಷ್ಟೂ ಅಗಲವಿಲ್ಲ. ಯಾರೋ ಒಂದು ಹಾಳೆ ಕಿತ್ತಿದ್ದಾರೆ. ನಾನು ಓದಿದ್ದು ಎರಡನೇ ಸಲ ಬರೆದ ಪುಟ.

ಕಿತ್ತ ಹಾಳೆ ಎಲ್ಲಾದರೂ ಇದ್ದರೆ ಈ ಅಂಚಿಗೆ ಕೂಡಿಸಿ ತೋರಿಸಬಹುದು. ಇದ್ದರೆ.

ಹುಡುಗನ ಅಕ್ಕನ ಮನೆ ಎರಡು ಬೀದಿ ಆಚೆ, ಮೂರನೇ ಮಹಡಿ, ಎರಡು ಕೋಣೆ. ಬಾಗಿಲ ಪಕ್ಕದಲ್ಲಿ ಸತ್ತವನ ಬೂಟುಗಳು ಇನ್ನೂ ಇದ್ದವು, ಲೇಸ್ ಬಿಚ್ಚಿದ ಹಾಗೇ. ಒಳಗೆ ಅವಳ ಅತ್ತೆ, ಸತ್ತವನ ತಾಯಿ, ಮಂಚದ ಮೇಲೆ ಕೂತು ಒಗೆದ ಬಟ್ಟೆ ಮಡಚುತ್ತಿದ್ದರು. ಮಗನ ಕೆಲಸದ ನೀಲಿ ಅಂಗಿ. ಅದನ್ನು ಮೂರು ಸಲ ಒಗೆದಾಯ್ತು ಎಂದು ಸೊಸೆ ಹಿಂದೆ ಹೇಳಿದ್ದಳು; ಹತ್ತೊಂಬತ್ತು ದಿನದಲ್ಲಿ ಇದು ನಾಲ್ಕನೆಯದು.

"ನಾಲ್ಕು ಗಂಟೆಗೆ ಬರೀತಾರಂತಲ್ಲ," ಎಂದರು ಮುದುಕಿ ನನ್ನನ್ನು ಕಂಡೊಡನೆ. "ಆ ಉದ್ದದ ಪದ. ಅದನ್ನ ಬರೆದ್ರೆ ಅವನಿಗೆ ಜೈಲಂತೆ. ಬರೀಲಿ. ನನ್ನ ಮಗನ್ನ ಗುಂಡೀಲಿ ಬಿಟ್ಟು ಹೋದವನು ಅವನು."

"ಅತ್ತೆ, ಮೇಡಂಗೆ ನೀರು ತಂದ್ಕೊಡ್ತೀರಾ?" ಎಂದಳು ಸೊಸೆ. ಹೊರಡಲು ಸಿದ್ಧಳಾಗಿ ನಿಂತಿದ್ದಳು. ಚೀಲ ಹೆಗಲಲ್ಲೇ ಇತ್ತು. ಮುದುಕಿ ಮಡಚಿದ ಅಂಗಿಯನ್ನು ಎದೆಗೊತ್ತಿಕೊಂಡೇ ಎದ್ದು ಅಡುಗೆಮನೆಗೆ ಹೋದರು.

ನಾನು ಪುಸ್ತಕವನ್ನು ಮೇಜಿನ ಮೇಲಿಟ್ಟೆ. ಅವಳು ಅದನ್ನು ನೋಡಿದಳು. ಬೆಚ್ಚಲಿಲ್ಲ. ಬಹಳ ಹೊತ್ತಿನಿಂದ ಕಾಯುತ್ತಿದ್ದ ಬಸ್ಸು ಕೊನೆಗೂ ಸಿಕ್ಕಿ ಕೂತವರ ಹಾಗೆ ಚೀಲ ಕೆಳಗಿಳಿಸಿದಳು.

"ಸಿಕ್ತಲ್ಲ," ಎಂದಳು.

"ಸಿಗಲಿ ಅಂತಲೇ ನನ್ನನ್ನ ಕರೆಸಿದ್ರಾ?"

"ನಾನೇ ಹೇಳ್ತೀನಿ ಅಂದ್ರೆ ತಮ್ಮ ಬಿಡ್ತಿರಲಿಲ್ಲ ಮೇಡಂ. ಆಣೆ ಹಾಕಿಸ್ಕೊಂಡಿದ್ದ. ಹೊರಗಿನವರು ಹುಡುಕಿದ್ರೆ ಅವನೇನು ಮಾಡೋಕಾಗುತ್ತೆ ಅಂದ್ಕೊಂಡೆ. ನನ್ನ ಬಾಯಿಂದ ಹೊರಡ್ತಾನೂ ಇರಲಿಲ್ಲ."

"ಅವತ್ತು ಏನಾಯ್ತು?"

"ಸಾಹೇಬ್ರ ಫೋನ್ ಬಂತು. ಹದಿನೇಳರ ಕೆಲಸ ಮುಗಿದಿದೆ, ನಿನ್ನ ತಮ್ಮ ವ್ಯಾನ್ ಹತ್ರ ನಿಂತಿದ್ದಾನೆ, ಕೀಲಿ ಕೊಟ್ಟು ಕಳಿಸು ಅಂದ್ರು. ಕಿಟಕಿಯಿಂದ ನೋಡಿದೆ, ಎದುರಿನ ಕಟ್ಟಡವೇ ಅಲ್ವಾ, ತಮ್ಮ ನಿಜವಾಗ್ಲೂ ವ್ಯಾನ್ ಹತ್ರ ಇದ್ದ. ಆಫೀಸಲ್ಲಿ ಬಳಸದ ಬೀಗಗಳನ್ನ ತೂಗುಹಾಕೋ ಹಲಗೆ ನೋಡಿದೆ. ಇವರ ಬೀಗ, ಹದಿನಾರು, ಅಲ್ಲೇ ನೇತಾಡ್ತಿತ್ತು. ಸರಿ, ಗುಂಡೀಲಿ ಯಾರೂ ಇಲ್ಲ ಅಂದ್ಕೊಂಡೆ."

ಆಮೇಲಿನ ಮಾತನ್ನು ಅವಳು ಒಂದೊಂದೇ ಕಿತ್ತು ತೆಗೆದ ಹಾಗೆ ಆಡಿದಳು.

"ಒಂದೇ ಮನೆಯವರಿಗೆ ಎರಡು ಬೀಗ ಯಾಕೆ, ಒಂದೇ ಹಾಕ್ಕೊಳ್ಳಿ, ನೋಡಿದವರು ಏನಂದ್ಕೊಳ್ತಾರೆ ಅಂತ ಇಬ್ಬರಿಗೂ ಹೇಳಿಕೊಟ್ಟಿದ್ದು ನಾನೇ. ಮದುವೆಯಾದ ಹೊಸದರಲ್ಲಿ. ಇಬ್ಬರೂ ಹೊಂದಿಕೊಂಡು ಹೋಗಲಿ ಅಂತ. ಆ ಒಂದು ಗಳಿಗೆ ಅದು ನೆನಪಿಗೆ ಬರಲಿಲ್ಲ ಮೇಡಂ. ಒಂದೇ ಒಂದು ಗಳಿಗೆ."

ಇಪ್ಪತ್ತು ವರ್ಷ ಟಿಕ್ ಹಾಕಿದ ನನ್ನ ಬೆರಳು ಸುಮ್ಮನೆ ಪುಸ್ತಕದ ರಟ್ಟನ್ನು ಉಜ್ಜುತ್ತಿತ್ತು.

"ಆದೇಶದ ಕಾಲಂ ಯಾಕೆ ಖಾಲಿ?"

"ಸಾಹೇಬ್ರ ಫೋನ್ ಬಂದ್ರೆ ಅದನ್ನ ಖಾಲಿ ಬಿಡೋದು ನಮ್ಮಲ್ಲಿ ರೂಢಿ. ಆದ್ರೆ ಅವತ್ತು ನಾನು ಬರೆದಿದ್ದೆ. ಯಾಕೋ ಏನೋ, ಮೊದಲ ಸಲ ಬರೆದಿದ್ದೆ. ಸುರಕ್ಷತಾ ಅಧಿಕಾರಿ, ಫೋನಿನಲ್ಲಿ ಅಂತ."

"ಆ ಹಾಳೆ ಹರಿದಿದ್ದು?"

"ನಾನೇ." ಅವಳು ನನ್ನ ಕಣ್ಣಿಗೆ ಕಣ್ಣು ಕೊಡಲಿಲ್ಲ. "ಇವರ ಹೆಣ ಇನ್ನೂ ಆಸ್ಪತ್ರೇಲಿತ್ತು. ಸಾಹೇಬ್ರು ಕರೆದು, ಪುಟ ಮತ್ತೆ ಬರಿ, ಆ ಕಾಲಂ ಬಿಟ್ಟುಬಿಡು, ನಿನ್ನ ತಮ್ಮನಿಗೆ ಬರೀ ಲ್ಯಾಪ್ಸ್ ಅಂತ ಬರೀತೀನಿ, ಎರಡು ತಿಂಗಳು ಸಸ್ಪೆಂಡ್, ಆಮೇಲೆ ಕೆಲಸಕ್ಕೆ ಬರ್ತಾನೆ ಅಂದ್ರು. ಗಂಡ ಹೋದ, ಇವನಾದ್ರೂ ಉಳೀಲಿ ಅಂತ ಬರೆದುಕೊಟ್ಟೆ. ಮಾರನೇ ದಿನ ನೋಡಿದ್ರೆ ನೆಗ್ಲಿಜೆನ್ಸ್."

ಸಾಕ್ಷಿಯನ್ನು ಸಾಕ್ಷಿಯ ಕೈಯಿಂದಲೇ ಕೊಲ್ಲಿಸಿದ್ದರು ಪದಕೋಶ. ಅದಕ್ಕೇ ಪುಸ್ತಕವನ್ನು ಅಷ್ಟು ಸಲೀಸಾಗಿ ನನ್ನ ಕೈಗಿಟ್ಟದ್ದು.

"ಹರಿದ ಹಾಳೆ ಎಲ್ಲಿದೆ?"

"ಮುದ್ದೆ ಮಾಡಿ ಮನೆಗೆ ತಂದು ಕಸದ ಬುಟ್ಟಿಗೆ ಹಾಕಿದೆ. ಕಸದ ಗಾಡಿ ತಗೊಂಡು ಹೋಯ್ತು."

"ಹೋಗಲಿಲ್ಲ."

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಒಂದು ಕೈಯಲ್ಲಿ ನೀರಿನ ಲೋಟ, ಇನ್ನೊಂದು ತೋಳಿನಲ್ಲಿ ಮಗನ ಅಂಗಿ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಲೋಟವನ್ನು ನಿಧಾನವಾಗಿ ಮೇಜಿನ ಮೇಲಿಟ್ಟು, ಅಂಗಿಯ ಜೇಬಿನಿಂದ ಒಂದು ಕಾಗದ ತೆಗೆದರು. ನೂರು ಸುಕ್ಕು. ಅಂಗೈಯಿಂದ ಸವರಿ ಸವರಿ ಸಪಾಟು ಮಾಡಿದ್ದರು.

"ಕಂಪನಿ ಮುದ್ರೆ ಇತ್ತು," ಎಂದರು. "ನನ್ನ ಮಗ ಸತ್ತಾಗ ಬುಟ್ಟೀಲಿ ಸಿಕ್ಕ ಕಾಗದ. ನಂಗೆ ಓದೋಕೆ ಬರಲ್ಲ. ಅವನ ಬಗ್ಗೆ ಏನಾದ್ರೂ ಬರೆದಿರ್ತಾರೆ ಅಂತ ಎತ್ತಿಟ್ಕೊಂಡಿದ್ದೆ. ಅಂಗಿ ಒಗೆಯೋವಾಗ ತೆಗೆದು, ಒಣಗಿದ ಮೇಲೆ ಮತ್ತೆ ಅದರಲ್ಲೇ ಇಡ್ತಿದ್ದೆ."

ಮೂರು ಹೆಜ್ಜೆ ದೂರದಿಂದಲೇ ನನಗೆ ಕಂಡಿತು. ಹರಿದ ಅಂಚು. ದುಂಡಗಿನ ಕೈಬರಹ. ತುಂಬಿದ ಕಾಲಂ. ಹುಡುಗನ ಬಿಡುಗಡೆ ಅದರಲ್ಲಿತ್ತು, ಆ ಹಸಿರು ಪೆನ್ನಿನ ಮುಚ್ಚಳ ಶಾಶ್ವತವಾಗಿ ಮುಚ್ಚುವುದೂ ಅದರಲ್ಲೇ ಇತ್ತು. ನಾನು ಕೈ ಚಾಚಿದೆ. ಮುದುಕಿ ನನ್ನ ಕೈಯನ್ನು ನೋಡಲೇ ಇಲ್ಲ.

"ಕೀಲಿ ಕೊಟ್ಟಿದ್ದು ನೀನಾ?"

ಸೊಸೆ ತಲೆಯಾಡಿಸಿದಳು.

"ತಿಳಿದು ಕೊಟ್ಯಾ, ತಿಳಿಯದೆ ಕೊಟ್ಯಾ?"

"ನಂಬಿ ಕೊಟ್ಟೆ ಅತ್ತೆ."

ಮುದುಕಿ ನನ್ನ ಕಡೆ ತಿರುಗಿದರು. "ಇದಕ್ಕೆ ಅವರ ಪಟ್ಟೀಲಿ ಏನಂತಾರಮ್ಮಾ?"

ನಾನು ಬಾಯಿ ತೆರೆದೆ. ಇಪ್ಪತ್ತು ವರ್ಷದ ಪದಗಳೆಲ್ಲ ಸಾಲಾಗಿ ನಿಂತಿದ್ದವು, ಒಂದೂ ಮುಂದೆ ಬರಲಿಲ್ಲ.

"ಯಾವ ಪದ ಬರೆದ್ರೆ ನನ್ನ ಮಗ ಬರ್ತಾನೆ?"

ಸೊಸೆ ನೆಲಕ್ಕೆ ಕುಸಿದು ಅವರ ಕಾಲು ಹಿಡಿದಳು. "ನನಗೆ ಏನಾದ್ರೂ ಆಗಲಿ. ಅವನದೇನೂ ತಪ್ಪಿಲ್ಲ. ಆ ಕಾಗದ ಕೊಡಿ ಅತ್ತೆ. ನಿಮ್ಮ ದಮ್ಮಯ್ಯ."

ಹತ್ತೊಂಬತ್ತು ದಿನ ತಪ್ಪು ಮನುಷ್ಯನನ್ನು ಶಪಿಸಿದ ಆ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನನಗೆ ಧೈರ್ಯ ಬರುತ್ತಿತ್ತು. ಅವರು ಕಾಗದವನ್ನು ಮತ್ತೆ ನಾಲ್ಕಾಗಿ ಮಡಚಿದರು. ಸೊಸೆಯ ಕೈಗಳನ್ನು ಒಂದೊಂದಾಗಿ ಬಿಡಿಸಿ, ಅಡುಗೆಮನೆಗೆ ನಡೆದರು.

ಒಳಗಿನಿಂದ ಚಿಲಕ ಬಿತ್ತು.

"ಅಮ್ಮಾ!" ನಾನು ಬಾಗಿಲು ಬಡಿದೆ. "ಅಮ್ಮಾ, ಆ ಕಾಗದದಲ್ಲಿ ನಿಮ್ಮ ಮಗನ್ನ ನಿಜವಾಗ್ಲೂ ಕೊಂದವನ ಹೆಸರಿದೆ!"

ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಇಪ್ಪತ್ತೆರಡು ನಿಮಿಷವಿತ್ತು. ಸೊಸೆ ನೆಲದ ಮೇಲೆ ಕೂತೇ ಬಾಗಿಲಿಗೆ ಕಿವಿ ಒತ್ತಿದಳು.

ಒಳಗೆ ಬೆಂಕಿಕಡ್ಡಿ ಗೀರಿದ ಸದ್ದಾಯಿತು.